ಎಡಗಡೆಯ ಹಿಂದಿನ ಸೀಟು

ನನ್ನ ಸ್ವಂತ ಕಾರಿನ ಹಿಂದಿನ ಸೀಟಿನ ಎಡಭಾಗದಲ್ಲಿ ನಾನು ಈವರೆಗೆ ಒಮ್ಮೆಯೂ ಕೂತಿಲ್ಲ. ಕಾಗದಪತ್ರಗಳೆಲ್ಲ ನನ್ನ ಹೆಸರಿನಲ್ಲೇ ಇವೆ, ಆದರೂ ಧೈರ್ಯವಿಲ್ಲ. ಹೇಳಿಕೊಳ್ಳಲು ನಾಚಿಕೆ, ಏಕೆಂದರೆ ನಾನು ಪೀಣ್ಯದಲ್ಲಿ ಯಂತ್ರದ ಅಚ್ಚು ಮಾಡುವ ಒಂದು ಟೂಲ್ ರೂಮಿನಲ್ಲಿ ಇನ್‌ಸ್ಪೆಕ್ಷನ್ ವಿಭಾಗದವನು. ಮೈಕ್ರೋಮೀಟರಿಗೆ ಸಿಗದ ಯಾವುದನ್ನೂ ನಂಬಬೇಡಿ ಎಂದು ಹೊಸಬರಿಗೆ ಉಪದೇಶ ಮಾಡುತ್ತಲೇ ನನ್ನ ಅರ್ಧ ಆಯುಸ್ಸು ಕಳೆದಿದೆ.

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲಕ್ಕೆ ನನಗೆ ಹಳೆಯ ಕಾರಿನ ಹುಚ್ಚು ಹಿಡಿಯಿತು. ಚಿಕ್ಕಬಾಣಾವರದ ಗೌಡರೊಬ್ಬರು ತೀರಿಕೊಂಡ ಮೇಲೆ ಅವರ ಮಕ್ಕಳು ಮನೆಯ ಕಾರನ್ನು ಮಾರಿದರು. ಆಮೆಯ ಬೆನ್ನಿನಂಥ ಡಿಕ್ಕಿ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡದು. ರಾಗಿ ಬೆಳೆಯುತ್ತಿದ್ದ ಅವರ ಹೊಲಗಳಲ್ಲಿ ಆಗಲೇ ಶೆಡ್ಡುಗಳು ಎದ್ದಿದ್ದವು, ಹಳೆಯ ಕಾರಿಗೆ ಜಾಗವಿರಲಿಲ್ಲ. ಅದನ್ನು ಮೂವತ್ತು ವರ್ಷ ಓಡಿಸಿದ ಡ್ರೈವರ್ ಗಂಗಣ್ಣನಿಗೂ ಇರಲಿಲ್ಲ. ಹಸುವಿನ ಹಿಂದೆ ಕರು ಬರುವಂತೆ ಅವನೂ ಕಾರಿನ ಹಿಂದೆ ಬಂದ. ನಾನೇ ಹೇಳಿ ನಮ್ಮ ಟೂಲ್ ರೂಮಿನಲ್ಲಿ ವಾಚ್‌ಮನ್ ಕೆಲಸ ಕೊಡಿಸಿದೆ.

ದಿನಾ ಮಧ್ಯಾಹ್ನ ಎರಡು ಗಂಟೆಗೆ ನಾನು ಊಟ ಮುಗಿಸಿ ಹೊರಗೆ ಬರುವಾಗ ಹೊಂಗೆಮರದ ಕೆಳಗೆ ಗಂಗಣ್ಣ ಕಾರಿನ ಹಿಂದಿನ ಎಡಬಾಗಿಲು ತೆರೆದು, ಸೊಂಟ ಬಗ್ಗಿಸಿ ನಿಂತಿರುತ್ತಿದ್ದ. ಸಿಟಿ ಬಸ್ಸಿನಲ್ಲಿ ಜೋತಾಡಿಯೇ ಬೆಳೆದ ನಾನು ಆ ಮರ್ಯಾದೆ ನನಗೇ ಎಂದುಕೊಂಡು ಒಂದು ವಾರ ಉಬ್ಬಿಹೋದೆ. ಪಾಪ, ಇಷ್ಟು ಗೌರವ ಕೊಡುವವನನ್ನು ನಿರಾಸೆಗೊಳಿಸಬಾರದೆಂದು ಒಂದು ದಿನ ಹತ್ತಿ ಕೂರಲು ಹೋದೆ. ಅವನು ಕೈ ಅಡ್ಡ ಹಿಡಿದ.

"ಆ ಕಡೆಯಿಂದ ಬನ್ನಿ ಸಾರ್. ಇಲ್ಲಿ ಯಜಮಾನ್ರು ಕೂತವ್ರೆ."

ನಕ್ಕೆ. ಆಮೇಲೆ ನೋಡಿದೆ. ಎಂಜಿನ್ ಆಫ್ ಆಗಿತ್ತು, ಒಳಗೆ ನರಪಿಳ್ಳೆಯೂ ಇರಲಿಲ್ಲ. ಕಾರಿನ ಹಿಂದಿನ ಎಡಮೂಲೆ ಮೆಲ್ಲಗೆ ಕುಸಿಯಿತು, ಎದ್ದಿತು, ಮತ್ತೆ ಕುಸಿಯಿತು. ಭಾರಿ ಆಳೊಬ್ಬರು ಕೂತು, ಪಂಚೆ ಸರಿಮಾಡಿಕೊಂಡು, ಒರಗಿಕೊಂಡ ಹಾಗಿತ್ತು. ಮಟಮಟ ಮಧ್ಯಾಹ್ನದಲ್ಲಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಗಂಗಣ್ಣ ಕಥೆ ಹೇಳಿದ. ಗೌಡರು ಒಂದು ದಿನ ಪೀಣ್ಯದ ತಮ್ಮ ಶೆಡ್ಡು ನೋಡಲು ಬಂದಿದ್ದರು. ಎರಡು ಗಂಟೆಗೆ ಕಾರು ಹತ್ತಿ, ಗಾಡಿ ತೆಗಿ, ಮನೆಗೆ ಹೋಗೋಣ ಅಂದರು. ಗಂಗಣ್ಣನ ಡಬ್ಬಿಯಲ್ಲಿ ಇನ್ನೂ ಅರ್ಧ ಮುದ್ದೆಯಿತ್ತು. ಉಂಡು ಬಂದುಬಿಡ್ತೀನಿ ಅಂದ. ಉಂಡು ಬಂದಾಗ ಗೌಡರು ಕಿಟಕಿಯ ಗಾಜಿಗೆ ತಲೆಯಾನಿಸಿ ಹೋಗಿಬಿಟ್ಟಿದ್ದರು.

"ಅರ್ಧ ಮುದ್ದೆ ಆಸೆಗೆ ಯಜಮಾನ್ರನ್ನ ಕಾಯಿಸ್ಬಿಟ್ಟೆ ಸಾರ್. ಇನ್ನೂ ಕಾಯ್ತಾವ್ರೆ."

ಅಂದಿನಿಂದ ಅವನು ಮಧ್ಯಾಹ್ನ ಉಂಡಿರಲಿಲ್ಲ. ಮನೆಯಿಂದ ತಂದ ಡಬ್ಬಿ ಬೀದಿನಾಯಿಗೆ ಹೋಗುತ್ತಿತ್ತು. ಖಾಕಿ ಅಂಗಿಯೊಳಗೆ ಇನ್ನೊಬ್ಬ ಗಂಗಣ್ಣ ಹಿಡಿಸುವಷ್ಟು ಸೊರಗಿದ್ದ. ಒಮ್ಮೆ ಗೇಟಿನ ಹತ್ತಿರ ತಲೆಸುತ್ತಿ ಬಿದ್ದೂ ಇದ್ದ. ಹೀಗೇ ಬಿಟ್ಟರೆ ಆ ಸೀಟಿನಲ್ಲಿ ಇಬ್ಬರಾಗುತ್ತಾರೆ ಎಂದು ನನಗೆ ನಿಜಕ್ಕೂ ಭಯವಾಯಿತು.

ನೋಟ್‌ಬುಕ್ ಹಿಡಿದು ನಿಂತೆ. ನಮ್ಮ ಕಾಂಪೌಂಡಿನ ಆಚೆ ಒಂದು ಫೋರ್ಜಿಂಗ್ ಶೆಡ್ಡಿದೆ. ಎರಡು ಗಂಟೆಗೆ ಅಲ್ಲಿ ಸೆಕೆಂಡ್ ಶಿಫ್ಟು ಶುರು, ಕಬ್ಬಿಣ ಬಡಿಯುವ ದೊಡ್ಡ ಹ್ಯಾಮರೂ ಶುರು. ಏಟಿಗೊಮ್ಮೆ ನೆಲ ನಡುಗುತ್ತದೆ, ಕಾರು ತಲೆದೂಗುತ್ತದೆ. ಕರೆಂಟು ಹೋದ ದಿನ ಎರಡೂ ಸುಮ್ಮನಿದ್ದವು. ಜಾಲಹಳ್ಳಿಯ ಮೆಕ್ಯಾನಿಕ್ ರಹಮತ್ ಸಾಬರನ್ನು ಕರೆತಂದೆ. ಅವರು ಡಿಕ್ಕಿಯ ಬಲಮೂಲೆಯನ್ನು ಎರಡೂ ಕೈಯಲ್ಲಿ ಅದುಮಿ ಬಿಟ್ಟರು. ಒಂದು ಸಲ ಎದ್ದು ನಿಂತಿತು. ಎಡಮೂಲೆ ನಾಲ್ಕು ಸಲ ಕುಣಿಯಿತು. ಎಡ ಟೈರಿನ ಮೇಲೆ ಇಡ್ಲಿ ತಟ್ಟೆಯ ಹಾಗೆ ಗುಣಿಗಳು ಬಿದ್ದಿದ್ದವು.

"ಶಾಕ್ ಅಬ್ಸಾರ್ಬರ್ ಹೋಗೈತೆ ಸಾಬ್. ಎಣ್ಣೆ ಎಲ್ಲಾ ಸೋರ್ಬಿಟ್ಟಿದೆ, ಈಗ ಅದು ಬರೀ ಪೈಪು."

ಶಾಕ್ ಅಬ್ಸಾರ್ಬರ್ ಎಂಬ ಹೆಸರು ಕೇಳಿ ನಾವೆಲ್ಲ ಮೋಸಹೋಗುತ್ತೇವೆ. ಏಟು ತಿನ್ನುವುದು ಅದಲ್ಲ, ಸ್ಪ್ರಿಂಗು. ತಿಂದ ಏಟನ್ನೇ ನೆನೆದು ಕುಣಿಯುತ್ತಿರುವುದು ಸ್ಪ್ರಿಂಗಿನ ಸ್ವಭಾವ. ಆಯಿತು, ಸಾಕು ಸುಮ್ಮನಿರು ಎಂದು ಅದನ್ನು ಸಮಾಧಾನ ಮಾಡುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಎತ್ತಿನ ಗಾಡಿಗೆ ಎರಡೂ ಇರಲಿಲ್ಲ. ನಮ್ಮ ಹಿರಿಯರ ಸೊಂಟವೇ ಎರಡನ್ನೂ ನಿಭಾಯಿಸುತ್ತಿತ್ತು.

ಗೆದ್ದವನ ಗತ್ತಿನಲ್ಲಿ ಗಂಗಣ್ಣನಿಗೆ ಎಲ್ಲ ವಿವರಿಸಿದೆ. ಅವನು ಶ್ರದ್ಧೆಯಿಂದ ಕೇಳಿದ.

"ಸರಿ ಸಾರ್. ಎಡಗಡೇದೇ ಯಾಕೆ ಸವೀತು?"

"ಗೌಡ್ರು ಮೂವತ್ತು ವರ್ಷ ಆ ಕಡೇನೇ ಕೂತಿದ್ರಲ್ಲ, ಅವರ ಭಾರಕ್ಕೆ."

"ಅಂಗಾದ್ರೆ ಯಜಮಾನ್ರೇ ಅಲ್ವಾ ಸಾರ್?"

ನನ್ನ ನೋಟ್‌ಬುಕ್ಕಿನಲ್ಲಿ ಉತ್ತರ ಹುಡುಕುತ್ತ ಹಾಳೆ ತಿರುವಿದೆ. ಅವನೇ ಅಂದ: "ರಿಪೇರಿ ಮಾಡಿಸಿ, ಬ್ಯಾಡ ಅನ್ನಲ್ಲ. ಅದಕ್ಕೆ ಮುಂಚೆ ಒಂದ್ಸಲ ಅವ್ರನ್ನ ಮನೆಗೆ ಬಿಟ್ಟು ಬರ್ತೀನಿ."

ಮರುದಿನ ಎರಡು ಗಂಟೆಗೆ ಕಾರು ಕುಸಿದಾಗ ಗಂಗಣ್ಣ ಬಾಗಿಲು ಮುಚ್ಚಿ ಸ್ಟೀರಿಂಗ್ ಹಿಡಿದ. ನಾನು ಅವನ ಪಕ್ಕ ಮುಂದೆ ಕೂತೆ. ಹಂಪು ಬಂದಾಗಲೆಲ್ಲ ನಿಧಾನ ಮಾಡಿ, "ಹಂಪು ಐತೆ ಬುದ್ಧಿ" ಎಂದು ಹಿಂದಕ್ಕೆ ಹೇಳುತ್ತಿದ್ದ. ಹಿಂದಿನಿಂದ ಸೀಟು ಕಿರ್ರೆನ್ನುತ್ತಿತ್ತು. ನಾನು ಕನ್ನಡಿಯ ಕಡೆ ನೋಡಲಿಲ್ಲ. ದಾರಿಯುದ್ದಕ್ಕೂ ನನ್ನ ಕುತ್ತಿಗೆಯ ಹಿಂದೆ ಯಾರೋ ವೀಳ್ಯದೆಲೆ ಅಗಿಯುತ್ತಿದ್ದಂತೆ ವಾಸನೆ ಬರುತ್ತಿತ್ತು. ಹಳೆಯ ಸೀಟುಗಳು ವಾಸನೆ ಹಿಡಿದಿಟ್ಟುಕೊಳ್ಳುತ್ತವೆ, ನನಗೆ ಗೊತ್ತು.

ಗೌಡರ ಮನೆ ಪೇಯಿಂಗ್ ಗೆಸ್ಟ್ ಹಾಸ್ಟೆಲ್ ಆಗಿತ್ತು. ಜಗಲಿಯ ಮೇಲೆ ಯಾರದೋ ಟೀ ಶರ್ಟುಗಳು ಒಣಗುತ್ತಿದ್ದವು. ಗಂಗಣ್ಣ ಎಂಜಿನ್ ಆಫ್ ಮಾಡಿ, ಇಳಿದು, ಹಿಂದಿನ ಎಡಬಾಗಿಲು ತೆರೆದ. ಮಂಡಿನೋವಿನ ಮುದುಕರೊಬ್ಬರು ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಗ್ಗಿ ನಿಂತ. "ತಪ್ಪಾಯ್ತು ಬುದ್ಧಿ" ಅಂದ. ಬಾಗಿಲು ಮುಚ್ಚಿದ.

ಅಲ್ಲಿ ಹ್ಯಾಮರ್ ಇರಲಿಲ್ಲ. ಆದರೂ ಕಾರಿನ ಎಡಮೂಲೆ ಎದ್ದಿತು. ಹೋದ ಶಾಕ್ ಅಬ್ಸಾರ್ಬರಿನ ಕಾರು, ನಾಲ್ಕು ಸಲವಾದರೂ ಕುಣಿಯಬೇಕಿತ್ತು. ಒಂದೇ ಸಲ ಎದ್ದು ನಿಂತುಬಿಟ್ಟಿತು. ನಾನು ನೋಟ್‌ಬುಕ್ ಮುಚ್ಚಿದೆ.

ರಿಪೇರಿಗೆ ಹೆಚ್ಚು ದಿನ ಹಿಡಿಯಲಿಲ್ಲ. ಸಾಬರು ಶಾಕ್ ಅಬ್ಸಾರ್ಬರನ್ನು ಕೊಯ್ದು ತೆಗೆದಾಗ ಒಳಗಿದ್ದದ್ದು ಅರ್ಧ ಚಮಚ ಕರಿ ಎಣ್ಣೆ. ಸವೆದ ರಾಡನ್ನು ಅಳೆದೆ. ಹೋಗಿದ್ದದ್ದು ಕೂದಲೆಳೆಯಷ್ಟು, ಅಷ್ಟೇ. ನಮ್ಮ ಲೇತಿನಲ್ಲೇ ಹೊಸ ರಾಡು ಮಾಡಿಸಿ, ಹೊಸ ಸೀಲು, ಹೊಸ ಎಣ್ಣೆ ಹಾಕಿಸಿದೆವು. ಈಗ ಎರಡು ಗಂಟೆಗೆ ನೆಲ ನಡುಗುತ್ತದೆ, ಕಾರು ಅಲ್ಲಾಡುವುದಿಲ್ಲ. ಹೊಂಗೆಮರದ ಕೆಳಗೆ ಗಂಗಣ್ಣ ನಿಧಾನವಾಗಿ, ಸೊಪ್ಪಿನ ಸಾರಿನಲ್ಲಿ ಅದ್ದಿ ಅದ್ದಿ, ಇಡೀ ಮುದ್ದೆ ಉಣ್ಣುತ್ತಾನೆ.

ಮೊನ್ನೆ ನನಗೇನೋ ಅವಸರದ ಕೆಲಸವಿತ್ತು. ಓಡಿಬಂದು "ಗಂಗಣ್ಣ, ಗಾಡಿ ತೆಗೀರಿ" ಎಂದೆ. ಅವನ ಕೈ ಡಬ್ಬಿಯಲ್ಲೇ ನಿಂತಿತು. ತಕ್ಷಣ "ಉಂಡೇ ಬನ್ನಿ, ಕಾಯ್ತೀನಿ" ಎಂದು ಹಿಂದಿನ ಸೀಟಿನಲ್ಲಿ ಬಲಗಡೆ ಹೋಗಿ ಕೂತೆ. ಅವನು ಕೊನೆಯ ತುತ್ತು ನುಂಗಿ, ಕೈತೊಳೆದು, ಓಡುತ್ತಾ ಬಂದು ಮೊದಲು ಕಿಟಕಿಯಲ್ಲಿ ಇಣುಕಿ ನಾನು ಉಸಿರಾಡುತ್ತಿರುವುದನ್ನು ಖಾತ್ರಿ ಮಾಡಿಕೊಂಡ.

"ಎಡಗಡೆ ಕೂತ್ಕೊಳಿ ಸಾರ್, ನೆರಳೈತೆ. ಈಗ ಖಾಲೀನೇ ಅಲ್ವಾ?"

"ಬೇಡ ಗಂಗಣ್ಣ, ಬಲಗಡೇದೂ ಸ್ವಲ್ಪ ಸವೀಲಿ" ಎಂದೆ.