ಹಾಸಿನ ಇನ್ನೊಂದು ತುದಿ

ಕೊಯಮತ್ತೂರಿನ ಬಳಿಯ ಅವಿನಾಶಿ ಊರಿನ ನಮ್ಮ ಬೀದಿಯಲ್ಲಿ, ಎದುರುಮನೆಯ ನೇಕಾರ ಅಕ್ಕನಿಗೆ ಹವಾಮಾನ ಓದಿ ಹೇಳುವ ಹುದ್ದೆ ನನ್ನದಾಗಿತ್ತು. ಯುಗಾದಿಯ ಹೊತ್ತಿಗೆ ಬರುವ ವಸಂತದ ಮುನ್ಸೂಚನೆಯಲ್ಲಿ ನೆಲಕ್ಕೊಂದು, ವಿಮಾನಗಳಿಗೊಂದು, ಕರಾವಳಿಯ ನೀರಿಗೊಂದು ಭಾಗ. ನಾನು ಮೂರನ್ನೂ ಬಿಡದೆ ಓದುತ್ತಿದ್ದೆ. ಕಂಡರಿಯದ ಮೀನುಗಾರರಿಗಾಗಿಯೂ ಎದೆ ಹೊಡೆದುಕೊಳ್ಳುವ ಸ್ವಭಾವ ನನ್ನದು. ಅಕ್ಕ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದೂಡಿ, "ಕಡಲು ಇರ್ಲಿ ತಂಬಿ, ನಮ್ಮ ಬೀದಿಗೆ ಏನಂತೆ?" ಎನ್ನುತ್ತಿದ್ದರು.

ಗಂಜಿ ಹಾಕಿದ ನೂಲಿನ ಹಾಸನ್ನು, ಅಂದರೆ ಮಗ್ಗಕ್ಕೇರಿಸುವ ಉದ್ದ ಎಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಒಣಗಿಸುವವರಿಗೆ ಬೇರೆ ಪ್ರಶ್ನೆ ಇರುವುದಿಲ್ಲ. ನಾಲ್ಕು ಹನಿ ಬಿದ್ದರೆ ಗಂಜಿ ಕರಗಿ ಎಳೆಗಳೆಲ್ಲ ಅಂಟಿಕೊಳ್ಳುತ್ತವೆ.

ಅಕ್ಕನ ಹಾಸು ಬೀದಿಯಲ್ಲಿ ಒಣಗುತ್ತಿದ್ದ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮೋಡ ಕವಿಯಿತು. ನನ್ನ ಮಗಳಿದ್ದ ವಿಮಾನ ಕೊಯಮತ್ತೂರಿನಲ್ಲಿ ಇಳಿಯಲಾಗದೆ ಸುತ್ತುತ್ತಿರುವುದನ್ನು ಫೋನಿನಲ್ಲಿ ನೋಡುತ್ತ ನಾನು ಜಗಲಿಯಲ್ಲಿ ಬೆವರುತ್ತಿದ್ದೆ. ಅಕ್ಕ ಬಂದವರೇ ಫೋನು ಕಸಿದು ನನ್ನ ಜೇಬಿಗೆ ತುರುಕಿ, ಹಾಸಿನ ತುದಿಯ ಕೋಲನ್ನು ಎರಡೂ ಕೈಗೆ ಕೊಟ್ಟರು.

"ನೀ ನೋಡ್ತಾ ಇದ್ರೆ ವಿಮಾನ ಇಳಿಯುತ್ತಾ? ಹಿಡ್ಕೊ. ಸಡಿಲ ಬಿಟ್ರೆ ನೂಲೆಲ್ಲ ಸಿಕ್ಕಾಗ್ತದೆ."

ಅವರು ಆ ತುದಿಯಿಂದ ಹಾಸನ್ನು ಸುತ್ತುತ್ತ ಬಂದರು. ನನ್ನ ಹತ್ತಿರ ತಲುಪುವಷ್ಟರಲ್ಲಿ ಜೇಬಿನಲ್ಲಿ ಫೋನು ರಿಂಗಾಯಿತು. ಸುತ್ತಿದ ಹಾಸನ್ನು ಕಂಕುಳಲ್ಲಿ ಒತ್ತಿಕೊಂಡು ಅಕ್ಕನೇ ಅದನ್ನು ತೆಗೆದು ನನ್ನ ಕಿವಿಗೆ ಹಿಡಿದರು.

"ಅಪ್ಪಾ, ಇಳಿದ್ವಿ."

ಫೋನು ಹಿಡಿಯಲು ನಾನು ಕೋಲಿನಿಂದ ಒಂದು ಕೈ ತೆಗೆಯಹೋದೆ.

"ಆಕಾಶ ಆಯ್ತಲ್ಲ?" ಎಂದರು ಅಕ್ಕ. "ಕಡಲಿನ ಚಿಂತೆ ನಾಳೆಗಿಟ್ಕೊ. ಈಗ ಕೋಲು ಬಿಡಬೇಡ ತಂಬಿ, ಇನ್ನೂ ಒಂದು ಮೊಳ ಇದೆ."

ಮೊದಲ ಹನಿ ಬಿದ್ದಾಗ ಬೀದಿ ಖಾಲಿಯಾಗಿತ್ತು, ಹಾಸು ಅಕ್ಕನ ಮನೆಯೊಳಗಿತ್ತು. ನಾನು ಮಾತ್ರ ಜಗಲಿಯಲ್ಲಿ, ಹಾಸಿನಿಂದ ಕಳಚಿದ ಆ ಕೋಲನ್ನು ಇನ್ನೂ ಬಿಟ್ಟಿರಲಿಲ್ಲ.