ವೇಗದ ಗುಂಡಿ ತಿರುಗಿಸಿದವನು ನಾನು

ಮೇಘನಾ, ಆವತ್ತು ತಾಳ ತಪ್ಪಿದವಳು ನೀನಲ್ಲ. ಪರೀಕ್ಷೆಯ ನಟ್ಟನಡುವೆ ಸಂಗೀತದ ವೇಗ ಹೆಚ್ಚಿಸಿದವನು ನಾನು. ಆಮೇಲೆ ನಿನ್ನ ಅಮ್ಮನ ಮುಂದೆ, ನಿನಗೂ ಕೇಳಿಸುವಂತೆ, ನಿನ್ನ ತಾಳ ಕಚ್ಚಾ ಅಂತ ಹೇಳಿದವನೂ ನಾನೇ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕು ಅನ್ನಿಸಿದಾಗಲೆಲ್ಲ ಬೇರೇನೋ ಮಾತಾಡಿ ಮುಗಿಸಿದೆ.

ನಿನಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ನಿನ್ನ ಅಮ್ಮನೇ ಓದಿ ಹೇಳಬೇಕಾಗುತ್ತದೆ. ಹೇಳಲಿ — ಆ ಮಾತನ್ನು ಕೇಳಿಸಿಕೊಂಡವರು ನೀವಿಬ್ಬರು, ಇದನ್ನೂ ಇಬ್ಬರೂ ಕೂಡಿಯೇ ಕೇಳಿಸಿಕೊಳ್ಳಿ.

ಸಂತೋಷದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಆ ವರ್ಷ ನಮ್ಮ ಮನೆಯಲ್ಲಿ ಇದ್ದದ್ದೇ ಸಂತೋಷ. ನಾವು ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ, ನೀವು ಅದೇ ಊರಿನ ಕ್ರಾನ್‌ಬರ್ನ್‌ನಲ್ಲಿ. ನಾನು ಧಾರವಾಡದವನು, ನಿನ್ನ ಅಮ್ಮ ಸುನಂದಾ ವೈನಿ ಹುಬ್ಬಳ್ಳಿಯವರು. ಊರಲ್ಲೇ ಇದ್ದಿದ್ದರೆ ನಮ್ಮ ಊರು ಹೆಚ್ಚೋ ನಿಮ್ಮ ಊರು ಹೆಚ್ಚೋ ಅಂತ ಕಾಲೆಳೆಯುವುದರಲ್ಲೇ ಆಯುಷ್ಯ ಕಳೆಯುತ್ತಿದ್ದೆವು. ಇಲ್ಲಿಗೆ ಬಂದು ಒಂದೇ ಬಳಗವಾದೆವು. ಶನಿವಾರ ವೈನಿಗೆ ವೃದ್ಧಾಶ್ರಮದಲ್ಲಿ ಡ್ಯೂಟಿ. ಆದ್ದರಿಂದ ಶುಕ್ರವಾರ ಸಂಜೆಯೇ ನಿನ್ನನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗುತ್ತಿದ್ದರು. ನೀನು, ನನ್ನ ಮಗಳು ಪಲ್ಲವಿ — ಇಬ್ಬರಿಗೂ ಎಂಟು ವರ್ಷ. ನೀವು ಮನೆಯಲ್ಲಿ ಸುಮ್ಮನೆ ಕೂತಿದ್ದನ್ನು ನಾನು ನೋಡಿಲ್ಲ.

ನಿಮ್ಮನ್ನು ಭರತನಾಟ್ಯಕ್ಕೆ ಹಾಕಬೇಕೆಂದು ಅಮ್ಮಂದಿರ ಆಸೆ. ಆ ಕ್ಲಾಸು ಊರಿನ ಇನ್ನೊಂದು ತುದಿಯಲ್ಲಿತ್ತು. ಐರಿಷ್ ಡ್ಯಾನ್ಸ್ ಕ್ಲಾಸು ಮಾತ್ರ ನಮ್ಮ ಮನೆಯ ಹಿಂದಿನ ಬೀದಿಯ ಚರ್ಚ್ ಹಾಲಿನಲ್ಲಿ. ಒಂದು ಶನಿವಾರ ಆ ಬಾಗಿಲಲ್ಲಿ ನಿಂತು ನೋಡಿದಿರಿ ಅಷ್ಟೆ. ಮನೆ ತಲುಪುವ ಹೊತ್ತಿಗೆ ಇಬ್ಬರೂ ಫುಟ್‌ಪಾತಿನ ಮೇಲೆ ಕುಪ್ಪಳಿಸುತ್ತಿದ್ದಿರಿ. ಮುಂದಿನ ವಾರ ಸೇರಿಸಿಬಿಟ್ಟೆ. ಅಮ್ಮಂದಿರನ್ನು ಆಮೇಲೆ ಒಪ್ಪಿಸಿದೆ.

ನೋರಾ ಮಿಸ್ ನಿನಗೆ ನೆನಪಿರಬೇಕು. ವಯಸ್ಸಾಗಿದ್ದರೂ ಬೆನ್ನು ಬಾಗದ ಐರಿಷ್ ಹೆಂಗಸು, ನಕ್ಕರೆ ಹಾಲೆಲ್ಲ ಕೇಳಿಸುತ್ತಿತ್ತು. ಮೊದಲ ಗ್ರೇಡ್ ಪರೀಕ್ಷೆಗೆ ಅವರು ನಿಮ್ಮನ್ನು ತಿದ್ದುತ್ತಿದ್ದ ರೀತಿ ನೋಡುವುದೇ ನನಗೊಂದು ಹಬ್ಬ. ಪಾದ ಹೊರಗೆ ತಿರುಗಿರಬೇಕು, ಹಿಮ್ಮಡಿ ನೆಲ ಮುಟ್ಟಬಾರದು, ಒಂದು ಮಂಡಿ ಇನ್ನೊಂದರ ಮುಂದೆ ಬರಬೇಕು. ಸೊಂಟದಿಂದ ಮೇಲೆ ಮಾತ್ರ ಏನೂ ಅಲುಗಾಡುವಂತಿಲ್ಲ. ಕೈಗಳು ಪಕ್ಕಕ್ಕೆ ಅಂಟಿಕೊಂಡು, ಮುಷ್ಟಿ ಬಿಗಿದು. ನಿನ್ನ ಅಮ್ಮ ಮೊದಲ ಸಲ ಬಂದು ನೋಡಿದವರು ನನ್ನ ಕಿವಿಯಲ್ಲಿ, “ಏನ್ರಿ ಇದು? ಮನ್ಯಾಗ ಒಂದು ನಿಮಿಷ ಕೈ ಸುಮ್ಮ ಇಡಂಗಿಲ್ಲ ಇಕಿ. ಇಲ್ಲೆ ಬಂದು ಕಂಬದಂಗ ನಿಂತಾಳಲ್ರಿ” ಅಂದರು.

ಆ ಕೈ ನಿಲ್ಲಿಸಲು ಉಪಾಯ ಕಂಡುಹಿಡಿದವಳು ನನ್ನ ಹೆಂಡತಿ. ಇಬ್ಬರ ಮುಷ್ಟಿಯಲ್ಲೂ ಒಂದೊಂದು ಶೇಂಗಾ ಕಾಳು. ಕುಣಿತ ಮುಗಿಯುವವರೆಗೆ ಬೀಳಬಾರದು, ಮುಗಿದ ಮೇಲೆ ತಿನ್ನಬಹುದು. ಪಲ್ಲವಿಯ ಕಾಳು ಅರ್ಧದಲ್ಲೇ ಬಾಯಿ ಸೇರುತ್ತಿತ್ತು — ಬಿದ್ದಿಲ್ಲವಲ್ಲ ಅಂತ ವಾದ ಬೇರೆ. ನಿನ್ನದು ಕೊನೆಯವರೆಗೂ ಇರುತ್ತಿತ್ತು, ಬೆವರಿಗೆ ಒದ್ದೆಯಾಗಿ. ಒಮ್ಮೆ ಡ್ಯಾನ್ಸ್ ಕ್ಲಾಸಿಗೂ ತಂದುಬಿಟ್ಟಿರಿ. ಯಾವುದೋ ಮಗುವಿಗೆ ಶೇಂಗಾ ಅಲರ್ಜಿ ಇದ್ದು ನೋರಾ ಮಿಸ್ ಹೌಹಾರಿದರು. ಮರುವಾರದಿಂದ ಪುಟಾಣಿಗೆ, ಅಂದರೆ ಹುರಿಗಡಲೆಗೆ ಇಳಿದೆವು.

ಇನ್ನು ತಾಳ. ಧಾರವಾಡದಲ್ಲಿ ಹುಡುಗನಾಗಿದ್ದಾಗಿನಿಂದ ತಬಲಾ ಬಾರಿಸಿದವನು ನಾನು. ನಿನ್ನನ್ನು ಕ್ರಾನ್‌ಬರ್ನ್‌ಗೆ ಬಿಡಲು ಹೋಗುವಾಗ ಕಾರಿನಲ್ಲಿ ಸುಮ್ಮನಿರಲು ಆಗುತ್ತದೆಯೇ? ಜಿಗ್ ಅನ್ನುವ ಕುಣಿತಕ್ಕೆ ಆರು ಮಾತ್ರೆಯ ದಾದ್ರಾ ತಾಳ ಹೇಳಿಕೊಟ್ಟೆ — ಧಾ ಧಿನ್ ನಾ, ಧಾ ತೂ ನಾ. ರೀಲ್ ಅನ್ನುವುದಕ್ಕೆ ಎಂಟು ಮಾತ್ರೆಯ ಕೆಹರವಾ. ಹಿಂದಿನ ಸೀಟಿನಲ್ಲಿ ನೀವಿಬ್ಬರೂ ತೊಡೆ ತಟ್ಟುತ್ತ ಹಾಡುತ್ತಿದ್ದಿರಿ. ಪಲ್ಲವಿ ಉಮೇದು ಬಂದರೆ ಲಯ ಬಿಟ್ಟು ಮುಂದೆ ಓಡುತ್ತಿದ್ದಳು. ನೀನು ಓಡುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ನಾನು ಮಾತು ಬದಲಿಸಿದರೂ, ಹೊರಗೆ ಯಾರೋ ಹಾರ್ನ್ ಹೊಡೆದರೂ ನಿನ್ನ ಲಯ ಅಲ್ಲೇ ಇರುತ್ತಿತ್ತು. ಇದು ನನಗೆ ಗೊತ್ತಿತ್ತು, ಮೇಘನಾ. ಬೇರೆ ಯಾರಿಗೆ ಗೊತ್ತಿರದಿದ್ದರೂ ನನಗೆ — ಅದಕ್ಕೇ ಇದು ಇಷ್ಟು ಕೆಟ್ಟ ಕೆಲಸ.

ಪರೀಕ್ಷಕಿ ಸಿಡ್ನಿಯಿಂದ ಬಂದರು. ಮಕ್ಕಳು ಇಬ್ಬಿಬ್ಬರಾಗಿ ಒಳಗೆ ಹೋಗಿ ಕುಣಿಯಬೇಕು, ಕಲಿಸಿದವರು ಹೊರಗೇ ಇರಬೇಕು. ಹಾಗಾಗಿ ಸಂಗೀತ ಹಾಕಲು ಒಬ್ಬರು ಬೇಕಾಗಿತ್ತು. ನೋರಾ ಮಿಸ್ ಎಲ್ಲ ಪಾಲಕರ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, ಲಯ ಬಲ್ಲ ಮನುಷ್ಯ ಇವರೇ ಅಂದರು. ನಾನು ಉಬ್ಬಿದ್ದೆ ಬಿಡು. ಅವರ ಸಿಡಿ ಪ್ಲೇಯರಿನಲ್ಲಿ ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ ಇತ್ತು. ಮೊದಲ ಗ್ರೇಡಿನ ವೇಗಕ್ಕೆ ಅವರೇ ಅದನ್ನು ಸರಿಯಾಗಿ ನಿಲ್ಲಿಸಿ, ಇದನ್ನು ಮುಟ್ಟಬೇಡಿ, ಹಾಕುವುದು ನಿಲ್ಲಿಸುವುದು ಅಷ್ಟೇ ನಿಮ್ಮ ಕೆಲಸ ಅಂದರು.

ನೀವಿಬ್ಬರೂ ಜೋಡಿಯಾಗಿ ಒಳಗೆ ಬಂದಿರಿ. ಬಿಳಿ ಸಾಕ್ಸ್ ಜಾರದಂತೆ ಕಾಲಿಗೆ ಅಂಟು ಹಚ್ಚಿಕೊಂಡು, ಲೇಸಿನ ಕಪ್ಪು ಶೂ ಹಾಕಿಕೊಂಡು, ಎರಡು ಬಿಗಿ ಜಡೆ. ನೀನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದೆ. ಜಿಗ್ ಚೆನ್ನಾಗಿಯೇ ಆಯಿತು. ಆಮೇಲೆ ರೀಲ್.

ಶುರುವಾದ ಸ್ವಲ್ಪ ಹೊತ್ತಿಗೇ ಪಲ್ಲವಿ ಓಡಿದಳು. ಹೆದರಿಕೆಯೋ, ಉಮೇದೋ — ಸಂಗೀತವನ್ನು ಹಿಂದೆ ಬಿಟ್ಟು ಅವಳ ಕಾಲು ಮುಂದೆ ಹೋಯಿತು. ಪರೀಕ್ಷಕಿ ಪೆನ್ ಎತ್ತಿಕೊಂಡು ಹಾಳೆಯ ಕಡೆ ಬಾಗಿದರು. ನಮ್ಮಲ್ಲಿ ತಬಲಾದವನ ಧರ್ಮ ಸಾಥ್ ಕೊಡುವುದು: ಹಾಡುವವರು ಏರಿಸಿದರೆ ನಾವೂ ಏರಿಸಬೇಕು, ಇಳಿಸಿದರೆ ಇಳಿಸಬೇಕು, ಕೇಳುವವರಿಗೆ ಗೊತ್ತೇ ಆಗಬಾರದು. ಎಷ್ಟು ಜನ ಗಾಯಕರ ಮಾನವನ್ನು ಹಾಗೆ ಕಾಪಾಡಿದ್ದೇನೆ ನಾನು. ಕೈಗೆ ಅದೇ ಅಭ್ಯಾಸ — ಗುಂಡಿಯ ಮೇಲೆ ಹೋಯಿತು, ಮೆಲ್ಲಗೆ ತಿರುಗಿಸಿತು. ಸಂಗೀತ ಹೋಗಿ ನನ್ನ ಮಗಳನ್ನು ಕೂಡಿಕೊಂಡಿತು.

ಕೈಯ ಅಭ್ಯಾಸ ಅಂದೆ. ಅದೂ ಪೂರ್ತಿ ನಿಜವಲ್ಲ. ಅಲ್ಲಿ ಕುಣಿಯುತ್ತಿದ್ದವರು ಇಬ್ಬರು. ಯಾರಿಗೆ ಸಾಥ್ ಕೊಡಬೇಕೆಂದು ನಾನು ಆರಿಸಿಕೊಂಡೆ.

ಸರಿಯಾದ ಜಾಗದಲ್ಲಿ ಇದ್ದವಳು ನೀನು. ನಿನ್ನ ಕಾಲ ಕೆಳಗಿನಿಂದ ಸಂಗೀತ ಸರಿದುಹೋಯಿತು. ನೀನು ಒಂದು ಹೆಜ್ಜೆ ತಡವರಿಸಿದೆ, ನಿಂತೆ, ನನ್ನನ್ನು ನೋಡಿದೆ. ಈ ಸಲ ಹುಬ್ಬು ಹಾರಿಸಲಿಲ್ಲ. ಆಮೇಲೆ — ಎಂಟು ವರ್ಷದ ಮಗು ನೀನು — ಕಣ್ಣು ಮುಚ್ಚಿ ಕಾದು, ಹೊಸ ಲಯವನ್ನು ಹಿಡಿದು, ಮತ್ತೆ ಒಳಗೆ ಬಂದೆ. ಆ ವೇಗಕ್ಕೆ ಅಭ್ಯಾಸವೇ ಇಲ್ಲದೆ ಕೊನೆಯವರೆಗೂ ಕುಣಿದೆ. ಕೈ ಒಂದು ಸಲವೂ ಅಲುಗಾಡಲಿಲ್ಲ. ತಲೆಬಾಗಿ ನಮಸ್ಕರಿಸಿ ಹೊರಗೆ ಹೋದೆ. ಅಂಥ ತಾಳಜ್ಞಾನವನ್ನು ನಾನು ದೊಡ್ಡ ದೊಡ್ಡ ಬೈಠಕ್‌ಗಳಲ್ಲೂ ಹೆಚ್ಚು ಕಂಡಿಲ್ಲ.

ಪಲ್ಲವಿಗೆ ಹೊಗಳಿಕೆ ಬಂತು. ನೀನು ಪಾಸಾದೆ, ಅಷ್ಟೆ. ಸಂಗೀತವನ್ನು ಕೇಳಿಸಿಕೊಂಡು ಕುಣಿಯಬೇಕು ಅಂತ ಪರೀಕ್ಷಕಿ ಬರೆದ ಮಾತು ಬೇರೆ. ನೋರಾ ಮಿಸ್ ನಂಬಲಿಲ್ಲ. ಮೇಘನಾಳೇ? ಮಿಷನ್ ಸರಿಯಾಗಿತ್ತೇ? ಅಂತ ನನ್ನನ್ನು ಕೇಳಿದರು. ಸರಿಯಾಗಿತ್ತು ಅಂದೆ. ಮಿಷನ್ ಸರಿಯಾಗಿಯೇ ಇತ್ತಲ್ಲ.

ಕಾರ್ ಪಾರ್ಕಿನಲ್ಲಿ ನಿನ್ನ ಅಮ್ಮ ಎಲ್ಲರಿಗೂ ಹೋಳಿಗೆ ಹಂಚುತ್ತಿದ್ದರು. ಡ್ಯೂಟಿ ಬದಲಿಸಿಕೊಂಡು, ಬೆಳಗ್ಗೆ ಎದ್ದು ಮಾಡಿ ತಂದ ಹೋಳಿಗೆ. ನನ್ನ ಕೈಯಲ್ಲೊಂದು ಇಟ್ಟು ಕೇಳಿದರು: “ತಬಲಾ ಬಾರ್ಸೋರು ನೀವು, ನಿಮಗ ಗೊತ್ತಾಗಿರ್ತದ. ಏನಾತ್ರಿ ನಮ್ಮ ಮೇಘಿಗೆ?”

ಬಾಯಲ್ಲಿ ಅವರದೇ ಹೋಳಿಗೆ ಇಟ್ಟುಕೊಂಡು ನಾನು ಹೇಳಿದೆ: “ಏನಿಲ್ಲ ಬಿಡ್ರಿ ವೈನಿ. ತಾಳ ಸ್ವಲ್ಪ ಕಚ್ಚಾ ಅದ. ಕಲೀತಾಳ.”

ನೀನು ಅಮ್ಮನ ಸೆರಗಿನ ಹಿಂದೆ ನಿಂತಿದ್ದೆ. ನಾನು ನೋಡಿದೆ.

ನಾಳೆ ಹೇಳೋಣ ಅಂದುಕೊಂಡೆ. ಮನೆಗೆ ಬಂದರೆ ಪಲ್ಲವಿ ಧಾರವಾಡಕ್ಕೆ ಫೋನ್ ಹಚ್ಚಿ ಅಜ್ಜನಿಗೆ ರೀಲ್ ವರ್ಣಿಸುತ್ತಿದ್ದಳು. ಮುಂದಿನ ವಾರ ಹೇಳೋಣ… ಆಮೇಲೆ ಕ್ಲಾಸಿನಲ್ಲಿ ನೀನು ಹಿಂದಿನ ಸಾಲಿಗೆ ಹೋದೆ. ಪ್ರತಿ ಹೆಜ್ಜೆಗೂ ಪಲ್ಲವಿಯ ಕಾಲು ನೋಡಿ ನಿನ್ನ ಕಾಲು ಇಡುತ್ತಿದ್ದೆ — ಓಡುವವಳ ಕಾಲು ನೋಡಿ, ನಿಲ್ಲಬಲ್ಲವಳು! ಕಾರಿನಲ್ಲಿ ತೊಡೆ ತಟ್ಟುವುದು ನಿಂತಿತು. ವರ್ಷ ತುಂಬುವುದರೊಳಗೆ ನೀನು ಡ್ಯಾನ್ಸ್ ಸಾಕು ಅಂದೆ. ಇಬ್ಬರೂ ಹೋಗಿ ನೆಟ್‌ಬಾಲ್ ಸೇರಿಕೊಂಡಿರಿ. ಅಲ್ಲೂ ನಗು, ಅಲ್ಲೂ ಗಲಾಟೆ. ನಿನ್ನನ್ನು ನೋಡಿದವರಿಗೆ ಏನೋ ಕಳೆದುಕೊಂಡ ಹುಡುಗಿ ಅಂತ ಅನ್ನಿಸುತ್ತಿರಲಿಲ್ಲ. ನನಗೂ ಅನುಕೂಲವೇ ಆಯಿತು. ಮಕ್ಕಳು ಮರೆಯುತ್ತಾರೆ ಅಂದುಕೊಂಡೆ.

ಮರೆತಿಲ್ಲ ಅಂತ ಗೊತ್ತಾದದ್ದು ಹೋದ ತಿಂಗಳು, ನಿಮ್ಮ ಮನೆಯ ಗೃಹಪ್ರವೇಶದಲ್ಲಿ. ನೀವು ಮೆಲ್ಬರ್ನ್ ಬಿಟ್ಟುಹೋಗಿ ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ಕಟ್ಟಿಸಿದ ಹೊಸ ಮನೆ, ಎದುರಿಗೆ ಇನ್ನೂ ಖಾಲಿ ಸೈಟುಗಳು, ಗ್ಯಾರೇಜಿನಲ್ಲಿ ನೂರು ಜನರ ಊಟ. ನಿನ್ನ ಅಪ್ಪ ಮಾರ್ಟ್‌ಗೇಜ್ ಸುದ್ದಿ ತೆಗೆದು ಎಲ್ಲರನ್ನೂ ನಗಿಸುತ್ತಿದ್ದರು. ಭಜನೆಗೆ ಕೂತಾಗ ಯಾರೋ ನಿನ್ನ ಕೈಗೆ ತಾಳ ಕೊಟ್ಟರು. ನೀನು ಅದನ್ನು ಬಿಸಿ ಪಾತ್ರೆಯಂತೆ ಪಕ್ಕದವರಿಗೆ ದಾಟಿಸಿಬಿಟ್ಟೆ. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ನೀನು, ಆಗ ಮಾತ್ರ ಕನ್ನಡದಲ್ಲಿ, ಥೇಟ್ ನನ್ನ ದನಿಯಲ್ಲಿ ಹೇಳಿದೆ: “ನನ್ನ ತಾಳ ಕಚ್ಚಾ ಅದ. ಅಂಕಲ್ ಹೇಳ್ಯಾರ, ಕೇಳ್ರಿ ಬೇಕಾರ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊದಲ ತಪ್ಪಿಗಿಂತ ಆ ನಗು ಕೆಟ್ಟದ್ದು ಅಂತ ಈಗ ಅನ್ನಿಸುತ್ತದೆ.

ಮೆಲ್ಬರ್ನ್‌ಗೆ ಮರಳಿದ ಮೇಲೆ ಪಲ್ಲವಿಗೆ ಎಲ್ಲ ಹೇಳಿದೆ. ಅವಳಿಗೆ ಬಂದ ಹೊಗಳಿಕೆಯಲ್ಲಿ ನನ್ನ ಕೈಯಿತ್ತು ಅಂತಲೂ ಹೇಳಿದೆ. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅವಳು, “ಅಪ್ಪಾ, ಐ ನ್ಯೂ ಐ ವಾಸ್ ರಶಿಂಗ್” ಅಂದಳು. ಓಡುತ್ತಿದ್ದೇನೆ ಅಂತ ಅವಳಿಗೆ ಆಗಲೇ ಗೊತ್ತಿತ್ತಂತೆ. ಸಂಗೀತ ತಾನಾಗಿ ಬಂದು ಕೂಡಿಕೊಂಡದ್ದು ದೇವರ ದಯೆ ಅಂದುಕೊಂಡಿದ್ದಳಂತೆ! ನನಗೆ ನಗು ಬಂತು, ಅವಳಿಗೂ ಬಂತು. ಆಮೇಲೆ ಅವಳು ನಗು ನಿಲ್ಲಿಸಿ, “ಟೆಲ್ ಹರ್. ಇನ್ ಫ್ರಂಟ್ ಆಫ್ ಎವ್ರಿವನ್” ಅಂದಳು.

ಅವಳು ಹೇಳಿದ್ದು ಸರಿ. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಮೂಲೆಯಲ್ಲಿ ಕರೆದು ಹಿಂತೆಗೆದುಕೊಳ್ಳುವುದು ಯಾವ ನ್ಯಾಯ? ಬರುವ ಶನಿವಾರ ನಿಮ್ಮಲ್ಲಿ ಸತ್ಯನಾರಾಯಣ ಪೂಜೆ. ಗೃಹಪ್ರವೇಶಕ್ಕೆ ಬಂದ ಅದೇ ಜನ ಬರುತ್ತಾರೆ, ನಾವೂ ಬರುತ್ತೇವೆ. ನಿನಗೆ ಮುಂಚೆಯೇ ಗೊತ್ತಿರಲಿ ಅಂತ ಇದನ್ನು ಬರೆದೆ. ಬೇಡ ಅನ್ನಿಸಿದರೆ ಒಂದು ಫೋನ್ ಮಾಡು, ನಿನ್ನ ಮಾತೇ ಕೊನೆ. ನೀನು ಮತ್ತೆ ಕುಣಿಯಬೇಕೆಂದು ಕೇಳುತ್ತಿಲ್ಲ. ಕ್ಷಮಿಸು ಅಂತಲೂ ಕೇಳುತ್ತಿಲ್ಲ, ಅದು ನಿನಗೆ ಬಿಟ್ಟದ್ದು. ನೀನು ಬೇಡ ಅನ್ನದಿದ್ದರೆ, ಪೂಜೆ ಮುಗಿದು ಎಲ್ಲರೂ ಪ್ರಸಾದಕ್ಕೆ ಕೂತಾಗ ಎದ್ದು ನಿಂತು ಹೇಳುತ್ತೇನೆ — ಕಚ್ಚಾ ಇದ್ದದ್ದು ಈ ಹುಡುಗಿಯ ತಾಳವಲ್ಲ, ನನ್ನ ನಿಯತ್ತು ಅಂತ. ಜನ ನಗಲಿ, ಈ ಸಲ ನನ್ನನ್ನು ನೋಡಿ ನಗಲಿ.