ಗಂಗಮ್ಮನಿಗೆ ಮಡಿಲಕ್ಕಿ

ಮಿತ್ರರೇ, ಇಂದು ಕಾಶಿಯ ನಮ್ಮ ವಿಶ್ವನಾಥ ಗಲ್ಲಿಯಲ್ಲಿ ವಿಜ್ಞಾನಕ್ಕೆ ಅರಿಸಿನ ಬಿತ್ತು.

ಪಕ್ಕದ ಪುರೋಹಿತರ ಮನೆಯ ಜಾನಕಮ್ಮನವರ ಮಗ ರಘು ಸರ್ಕಾರಿ ಎಂಜಿನಿಯರ್. ಪರಿಸರ ನಿರ್ವಹಣೆಯ ತರಬೇತಿಗೆ ಸ್ವೀಡನ್ನಿಗೆ ಹೋಗಲು ಅವನು ಇಂದು ಸಂಜೆ ರೈಲು ಹತ್ತಬೇಕಿತ್ತು. ಬರುವವರೆಲ್ಲ ತಂತಮ್ಮ ಊರಿನ ನದಿಯ ನೀರನ್ನು ಪರೀಕ್ಷೆಗೆ ತರಬೇಕೆಂದು ಟೆಲೆಕ್ಸ್ ಬಂದಿತ್ತು. ಅವನು ಗಂಗೆಯ ನೀರು ತುಂಬಿ ತಂದಿಟ್ಟಿದ್ದ ಬಾಟಲಿಯನ್ನು ಮಧ್ಯಾಹ್ನ ನೋಡಿದರೆ ಒಳಗೆ ಅರಿಸಿನ, ಕುಂಕುಮ, ಒಂದಿಷ್ಟು ಅಕ್ಕಿ.

"ಅಮ್ಮಾ, ಸ್ಯಾಂಪಲ್ ಪೂರಾ ಖರಾಬ್ ಆಯ್ತಲ್ಲ."

"ಗಂಗಮ್ಮ ಪರದೇಶಕ್ಕೆ ಹೊರಟಿದ್ದಾಳೆ. ಹೆಣ್ಣುಮಗಳನ್ನ ಮಡಿಲು ತುಂಬದೆ ಕಳಿಸ್ತಾರೇನೋ?"

"ಇದು ಪರೀಕ್ಷೆಗಮ್ಮ. ಕಾಶೀಲಿ ನದಿ ಹಳದಿ ಬಣ್ಣಕ್ಕೆ ಹರಿಯುತ್ತೆ ಅಂತ ವರದಿ ಬರೀತಾರೆ ಅವರು."

"ಗಂಗೆಗೇ ಪರೀಕ್ಷೆಯಾ? ನೀನು ಲೆಕ್ಕದಲ್ಲಿ ಪಾಸಾಗಿದ್ದೇ ಅವಳ ದಯೆಯಿಂದ."

ರಘು ಇನ್ನೊಂದು ಬಾಟಲಿ ಹಿಡಿದು ಓಡಿದ. ಹಿಂದೆ ನಾನೂ ಹೋದೆ. ಊರಿನ ಮೋರಿ ನದಿಗೆ ಬಂದು ಬೀಳುವ ಜಾಗದಲ್ಲಿ ಮೂಗು ಮುಚ್ಚಿಕೊಂಡು ನೀರು ತುಂಬಿಸಿದ. ತರಬೇತಿಗೆ ಬೇಕಾದದ್ದು ಅದೇ ಅಂತೆ.

ಮನೆಗೆ ಬಂದ ಮೇಲೆ ಜಾನಕಮ್ಮ ಒಂದೇ ಷರತ್ತು ಹಾಕಿದರು. "ಈ ಸಲ ಮುಟ್ಟಲ್ಲಪ್ಪ. ಆದ್ರೆ ಪರೀಕ್ಷೆ ಮುಗಿದ್ಮೇಲೆ ಗಂಗಮ್ಮನ್ನ ಮೋರಿಗೆ ಸೇರಿಸಲ್ಲ ಅಂತ ಮಾತು ಕೊಡು."

ರಘು ನನ್ನ ಮುಖ ನೋಡಲಿಲ್ಲ. ಅಮ್ಮನ ಪಾದ ಮುಟ್ಟಿ ಮಾತು ಕೊಟ್ಟು, ಗೋದೌಲಿಯಾ ಚೌಕದಲ್ಲಿ ಸ್ಟೇಷನ್ನಿಗೆ ರಿಕ್ಷಾ ಹತ್ತಿದ.

ಗಂಗೆಯನ್ನೂ ಮೋರಿಯನ್ನೂ ಸೇರಗೊಡುವುದಿಲ್ಲವೆಂದು ಪ್ರಮಾಣ ಮಾಡಿದ ಮೊದಲ ಸರ್ಕಾರಿ ಎಂಜಿನಿಯರ್ ಇವನೇ ಇರಬೇಕು. ಸದ್ಯಕ್ಕೆ ಅದು ಒಂದು ಬಾಟಲಿಗೆ ಮಾತ್ರ ಅನ್ವಯಿಸುತ್ತದೆ.